ಯಕ್ಕೆ ಯ ಒತ್ತು

ಮಾತು ಕಲಿತದ್ದು ನಾನು ಅಜ್ಜಿಯ ಹತ್ತಿರ. ಶಾಲೆಗೆ ಹೋಗಿ ಕಲಿತದ್ದು ಬರವಣಿಗೆ, ಅಷ್ಟೆ. ಕಣಕಟ್ಟೆ ಕಡೆಯ ನಮ್ಮ ಹಳ್ಳಿಯಲ್ಲಿ ಜಗಲಿಯ ಮೇಲೆ ಕಾಲು ಚಾಚಿ ಕೂತು, ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಅಜ್ಜಿ ನನ್ನ ನಾಲಿಗೆ ತಿದ್ದುತ್ತಿದ್ದಳು. ಅಕ್ಕಿ ಮುಗಿದಿದೆ ಅನ್ನಬಾರದು, ಹೆಚ್ಚಿದೆ ಅನ್ನಬೇಕು. ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು. ಹೊರಟವರು ಹೋಗ್ತೀನಿ ಅಂದರೆ ಅವಳಿಗೆ ಎದೆ ಧಸಕ್ ಅನ್ನುತ್ತಿತ್ತು. “ಬತ್ತೀನಿ ಅನ್ನೇ, ಬಾಯಿಗೆ ಬೀಗ ಹಾಕ” ಎಂದು ತೊಡೆಗೆ ಚಿವುಟುತ್ತಿದ್ದಳು. ಕೇಳುವವರ ಮನಸ್ಸಿಗೆ ಮುಳ್ಳು ತಾಗದ ಹಾಗೆ ಮಾತಾಡುವುದು ನನಗೆ ಗೊತ್ತಿದ್ದರೆ ಅದು ಅವಳಿಂದ ಬಂದದ್ದು.

ಹೆಸರು ಕರೆಯುವುದಕ್ಕೂ ಅವಳದೊಂದು ಕ್ರಮವಿತ್ತು. ನಮ್ಮ ಬೀದಿಯಲ್ಲಿ ಎಲ್ಲರ ಹೆಸರಿಗೂ ಬಾಲ. ಗಂಡಸರಿಗೆ ಅಪ್ಪ ಇಲ್ಲವೇ ಅಯ್ಯ, ಹೆಂಗಸರಿಗೆ ಅಮ್ಮ ಇಲ್ಲವೇ ಅವ್ವ. ತೊಟ್ಟಿಲಲ್ಲಿ ಕಾಲು ಬಡಿಯುವ ಕೂಸಿಗೂ ಬಾಲ ಸೇರಿಸಿಯೇ ಹೆಸರಿಡುತ್ತಿದ್ದರು. ಊರಾಚೆ ದಲಿತರ ಮನೆಗಳಿದ್ದವು. ಈಗ ಕಾಲೋನಿ ಅನ್ನುತ್ತೇವೆ. ಅಜ್ಜಿ ಅನ್ನುತ್ತಿದ್ದ ಹೆಸರು ಬೇರೆ, ಅದಿಲ್ಲಿ ಬೇಡ. ಅಲ್ಲಿಯವರ ಹೆಸರಿಗೆ ನಮ್ಮ ಬೀದಿಯ ಬಾಯಲ್ಲಿ ಬಾಲವಿರಲಿಲ್ಲ. ಅರವತ್ತು ವರ್ಷದ ಮುದುಕರಾದರೂ ಮೊಟಕು ಹೆಸರು, ಬಾರೋ, ಹೋಗೋ.

ನಮ್ಮ ಮನೆಗೆ ಕಾಯಿ ಸುಲಿಯಲು ಬರುತ್ತಿದ್ದವರು ಕಾಲೋನಿಯವರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಒಂದು ಸಲ ಬರೆದು ಕೆಡಿಸಿದ್ದು ಸಾಕು. ‘ಅವರು’ ಎಂದು ಕಾಗದದ ಮೇಲೆ ಬರೆಯುವುದು ಸುಲಭ, ಬರೆಯುತ್ತಿದ್ದೇನೆ. ನಾನು ಏಳು ವರ್ಷದವಳಾಗಿದ್ದಾಗ ಅವರಿಗೆ ಇಪ್ಪತ್ತೈದು ಇದ್ದಿರಬೇಕು. ವರ್ಷದ ಹತ್ತಿರ ಅಟ್ಟದ ಮೇಲೆ ಬಿದ್ದಿದ್ದ ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದರು. “ಇದು ಕೊಬ್ಬರಿ ಆಗೈತೆ. ಇದ್ರಲ್ಲಿನ್ನೂ ನೀರೈತೆ, ಮ್ಯಾಕೆ ಹಾಕಿ” ಅನ್ನುತ್ತಿದ್ದರು. ಒಂದು ಸಲವೂ ತಪ್ಪಿದ್ದನ್ನು ನಾನು ಕಂಡಿಲ್ಲ. ಅವರು ನನ್ನನ್ನು ಕರೆಯುತ್ತಿದ್ದದ್ದು ಪುಟ್ಟವ್ವಾರೆ ಎಂದು. ನಾನು ಅವರನ್ನು ಕರೆಯುತ್ತಿದ್ದದ್ದು ಅಜ್ಜಿ ಕರೆದ ಹಾಗೆ.

ಶಾಲೆಯಲ್ಲಿ ಒತ್ತಕ್ಷರ ಹೇಳಿಕೊಟ್ಟ ದಿನ ಒಂದು ಚೂರು ಸೀಮೆಸುಣ್ಣ ಕದ್ದು ತಂದಿದ್ದೆ. ಹಿತ್ತಲಲ್ಲಿ ಕಾಯಿ ಸುಲಿಯುತ್ತಿದ್ದವರು ನನ್ನ ಕೈ ನೋಡಿ, “ಪುಟ್ಟವ್ವಾರೆ, ನನ್ನೆಸ್ರು ಬರೀರಿ ನೋಡಾನ” ಎಂದರು. ಒಗೆಯುವ ಚಪ್ಪಡಿಯ ಮೇಲೆ ಬರೆದೆ. ಬರೆದು, ಕೊನೆಗೊಂದು ‘ಯ್ಯ’ ಸೇರಿಸಿದೆ. ಅವರ ಮೇಲಿನ ಗೌರವಕ್ಕಲ್ಲ. ಆವತ್ತು ತಾನೇ ಕಲಿತ ಒತ್ತನ್ನು ಎಲ್ಲಾದರೂ ತೋರಿಸಬೇಕಿತ್ತು, ತೋರಿಸಿದೆ. ಅವರು ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಯಿಂದ ಕಾಯಿ ತೆಗೆದು ಕೆಳಗಿಟ್ಟು ಬಂದು ಬಗ್ಗಿ ನೋಡಿದರು.

“ಇದೇನವ್ವ ಕೊನೇಗೆ, ಕೆಳಗೆ ಜೋತಾಡ್ತಾ ಐತೆ?”

“ಯಕ್ಕೆ ಯ ಒತ್ತು. ಯ್ಯ.”

ಅಜ್ಜಿ ನೀರು ತುಂಬಲು ಬಂದವಳು ನಿಂತಳು. ಅವಳು ಓದಿದವಳಲ್ಲ, ಆದರೆ ಕಿವಿ ಚುರುಕು. “ಅವನಿಗೆ ಅದಿಲ್ಲ ಕಣೇ. ಒರೆಸು” ಎಂದಳು. ಬೈದು ಹೇಳಲಿಲ್ಲ, ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದ ಹಾಗೆ ಹೇಳಿದಳು. ನಾನು ಅಂಗೈಯಿಂದ ಕೊನೆಯ ಅಕ್ಷರ ಒಂದನ್ನೇ ಒರೆಸಿದೆ. ಅವರು ಹಿಂದಕ್ಕೆ ಹೋಗಿ ಕಾಯನ್ನು ಮೊನೆಗೆ ಚುಚ್ಚಿದರು.

ಮುಂದೆ ನಾನು ಕನ್ನಡ ಟೀಚರಾದೆ. ಹಳೇಬೀಡಿನಲ್ಲೇ ಬಹಳ ವರ್ಷ ಇದ್ದೆ. ಮಕ್ಕಳನ್ನು ದೇವಸ್ಥಾನದ ಅಂಗಳಕ್ಕೆ ಕರೆದುಕೊಂಡು ಹೋಗಿ ಶಾಸನದ ಕಲ್ಲು ತೋರಿಸುತ್ತಿದ್ದೆ. ನೋಡಿ, ಅರ್ಧ ಕಲ್ಲು ರಾಜನ ಬಿರುದುಗಳೇ. ದೇವಸ್ಥಾನಕ್ಕೆ ಕಲ್ಲು ಹೊತ್ತವರ ಹೆಸರು ಎಲ್ಲಿದೆ ಹುಡುಕಿ, ಎಂದು ಕೇಳುತ್ತಿದ್ದೆ. ಮಕ್ಕಳು ಹುಡುಕಿ ಹುಡುಕಿ ಇಲ್ಲ ಮಿಸ್ ಅನ್ನುತ್ತಿದ್ದರು. ಮನುಷ್ಯರೆಲ್ಲ ಒಂದೇ ಎನ್ನುವ ಪಾಠವನ್ನು ಪುಸ್ತಕ ಮುಚ್ಚಿಟ್ಟು ಮಾಡುತ್ತಿದ್ದೆ. ಹಿಂದಿನ ಬೆಂಚಿನ ಪೋಕರಿಗಳೂ ಸುಮ್ಮನಾಗುತ್ತಿದ್ದರು. ಭಾನುವಾರ ಊರಿಗೆ ಹೋದರೆ ಹಿತ್ತಲ ಬಾಗಿಲಲ್ಲಿ ನಿಂತು ಅದೇ ಮೊಟಕು ಹೆಸರು ಕೂಗಿ, ಎರಡು ಎಳನೀರು ಕೆಡವೋ ಅನ್ನುತ್ತಿದ್ದೆ. ಎರಡೂ ನನ್ನದೇ ಬಾಯಿ. ಒಂದಕ್ಕೊಂದು ಪರಿಚಯವಿರಲಿಲ್ಲ.

ರಿಟೈರಾಗಿ ಅರಸೀಕೆರೆಯಲ್ಲಿ ಮನೆ ಮಾಡಿದ ಮೇಲೆ ನಮ್ಮೂರಿಗೆ ಹೊಸ ಅಂಗನವಾಡಿ ಕಟ್ಟಡ ಮಂಜೂರಾಯಿತು. ಕಟ್ಟಲು ಜಾಗವಿರಲಿಲ್ಲ. ನಮ್ಮ ಬೀದಿಯಲ್ಲಿ ಜಾಗ ಇದ್ದವರೆಲ್ಲ ತಲೆ ಕೆರೆದುಕೊಂಡರು. ಕೊನೆಗೆ ತಮ್ಮ ಮನೆಯ ಪಕ್ಕದ ಸ್ವಂತ ಜಾಗವನ್ನು ದಾನಪತ್ರ ಮಾಡಿಕೊಟ್ಟವರು ಈ ನಮ್ಮ ಕಾಯಿ ಸುಲಿಯುವವರೇ. ಉಳಿದವರು ಫ್ಯಾನು, ಗೇಟು, ನೀರಿನ ಟ್ಯಾಂಕು ಕೊಟ್ಟರು. ಬಾಗಿಲ ಪಕ್ಕ ಎಲ್ಲರ ಹೆಸರಿನ ಕಲ್ಲು ಹಾಕಿಸುವುದೆಂದಾಯಿತು. ನಮ್ಮ ದೊಡ್ಡಪ್ಪನ ಮೊಮ್ಮಗ ಪಂಚಾಯ್ತಿ ಮೆಂಬರು. ಅವನು ಫೋನು ಮಾಡಿ, “ಅತ್ತೆ, ಕಲ್ಲಿನ ಒಕ್ಕಣೆ ನೀವೇ ಬರೆದುಕೊಡಿ. ಸ್ಪೆಲಿಂಗ್ ತಪ್ಪಿದ್ರೆ ಎಮ್ಮೆಲ್ಲೆ ಮುಂದೆ ಮಾನ ಹೋಯ್ತದೆ” ಎಂದ. ಒಪ್ಪಿಕೊಂಡೆ.

ಎರಡು ದಿನಕ್ಕೆ ಅವರೇ ಬಸ್ಸು ಹತ್ತಿ ಅರಸೀಕೆರೆಗೆ ಬಂದರು. ಗೇಟಿನ ಹತ್ತಿರ ಟವಲ್ಲು ಕೈಗೆ ತೆಗೆದುಕೊಂಡು ನಿಂತಿದ್ದರು. ಎಂಬತ್ತು ದಾಟಿತ್ತು.

“ಏನೋ, ಇಷ್ಟು ದೂರ?” ಎಂದೆ.

“ಕಲ್ಲಿಗೆ ನೀವೇ ಬರೀತೀರಂತೆ.”

“ಹೌದು.”

“ಅವತ್ತು ಬರೆದಿದ್ರಲ್ಲ ಚಪ್ಪಡಿ ಮ್ಯಾಲೆ, ಕೆಳಗೆ ಜೋತಾಡೋದು ಒಂದು. ಅದ್ನೂ ಸೇರಿಸಿ ಬರೀರಿ.” ನಕ್ಕರು. ಬಾಯಲ್ಲಿ ಹಲ್ಲು ಕಡಿಮೆ. “ಕೋತಿಗೂ ಬಾಲ ಐತೆ ಪುಟ್ಟವ್ವಾರೆ. ನನ್ನೆಸ್ರಿಗೆ ಇಲ್ಲ ಅಂದ್ರೆ ಎಂಗೆ?”

ನಾನೂ ನಕ್ಕೆ. ಖಂಡಿತ ಬರೀತೀನಿ ಎಂದೆ. ಐವತ್ತು ವರ್ಷದ ಮೇಲಾಗಿತ್ತು, ಅವರು ಅದನ್ನು ನೆನಪಿಟ್ಟುಕೊಂಡಿದ್ದರು. “ಇನ್ನೇನೂ ಬ್ಯಾಡ. ಫೋಟೊ ಗೀಟೊ ಬ್ಯಾಡ. ಅದೊಂದು” ಎಂದು ಹೇಳಿ, ಕಾಫಿ ಕುಡಿದು, ಬತ್ತೀನಿ ಎಂದು ಹೋದರು.

ಮೆಂಬರು ಕಳಿಸಿದ ಪಟ್ಟಿ ನೋಡಿಕೊಂಡು ರೂಲ್ ಹಾಳೆಯಲ್ಲಿ ದುಂಡಗೆ ಬರೆದೆ. ಹಳೇಬೀಡಿನ ಬಸ್ ಸ್ಟ್ಯಾಂಡಿನ ಹತ್ತಿರ ಕಲ್ಲು ಕೆತ್ತುವವನೊಬ್ಬ ನನ್ನ ಹಳೆಯ ವಿದ್ಯಾರ್ಥಿ. ಟೂರಿಸ್ಟುಗಳಿಗೆ ಬಳಪದ ಕಲ್ಲಿನ ಪುಟ್ಟ ಬಸವಣ್ಣ ಮಾಡಿ ಮಾರುತ್ತಾನೆ, ಕರಿಕಲ್ಲಿನಲ್ಲಿ ಹೆಸರೂ ಕೆತ್ತುತ್ತಾನೆ. ಹಾಳೆ ತೆಗೆದುಕೊಂಡು ಹೋಗಿ ಕೊಟ್ಟೆ.

“ಒತ್ತಕ್ಷರಕ್ಕೆ ನೀವು ಹೊಡೆದ ಏಟಿಗೇ ಮೇಡಂ, ನಾನು ಓದು ಬಿಟ್ಟು ಕಲ್ಲು ಹಿಡಿದದ್ದು” ಎಂದ. “ಇಲ್ಲೂ ಒತ್ತಕ್ಷರವೇ!”

“ಸರಿಯಾಗಿ ಕೆತ್ತು. ಇಲ್ದಿದ್ರೆ ಇನ್ನೂ ಕೈ ಗಟ್ಟಿಯಾಗೇ ಇದೆ.”

“ಎಮ್ಮೆಲ್ಲೆ ಹೆಸ್ರು ಇಷ್ಟು ದಪ್ಪ ಬೇಕಂತೆ. ಹಿಂಗೇ ಆದ್ರೆ ದಾನಿಗಳನ್ನ ಕಲ್ಲಿನ ಹಿಂದುಗಡೆ ಕೆತ್ತಬೇಕಾಗ್ತದೆ ನೋಡಿ.”

ಕೆತ್ತುವ ಮೊದಲು ಅಕ್ಷರ ಜೋಡಿಸಿ ವಾಟ್ಸಾಪಿನಲ್ಲಿ ಫೋಟೊ ಕಳಿಸಿದ. ಕನ್ನಡಕ ಹಾಕಿಕೊಂಡು, ದೊಡ್ಡದು ಮಾಡಿಕೊಂಡು ಸಾಲು ಸಾಲು ಓದಿದೆ. ‘ಉಧ್ಘಾಟನೆ’ ಎಂದಿತ್ತು. ದಕ್ಕೆ ಮಹಾಪ್ರಾಣ ಬೇಡ, ಘಕ್ಕೆ ಸಾಕು ಎಂದು ತಿದ್ದಿಸಿದೆ. ಗುತ್ತಿಗೆದಾರರ ಹೆಸರಿನಲ್ಲಿ ದೀರ್ಘ ಬಿಟ್ಟಿದ್ದ, ಹಾಕಿಸಿದೆ. ಎರಡನೇ ಸಲ ಕಳಿಸಿದ. ಮತ್ತೆ ಪೂರ್ತಿ ಓದಿ, ‘ಸರಿ ಇದೆ, ಕೆತ್ತು’ ಎಂದು ಬರೆದೆ.

ಕಟ್ಟಡದ ಉದ್ಘಾಟನೆಯ ದಿನ ಶಾಮಿಯಾನ, ಮೈಕು, ಹಾರ. ಎಮ್ಮೆಲ್ಲೆಯವರು ಬಂದರು. ಕಲ್ಲಿನ ಮೇಲಿನ ಪರದೆ ಎಳೆದರು, ಚಪ್ಪಾಳೆಯಾಯಿತು, ಎಲ್ಲರೂ ಉಪ್ಪಿಟ್ಟಿನ ಕಡೆ ತಿರುಗಿದರು. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದರು. ಜನ ಸರಿದ ಮೇಲೆ ಕಲ್ಲಿನ ಹತ್ತಿರ ಹೋದರು. ಅವರಿಗೆ ಓದಲು ಬರುವುದಿಲ್ಲ. ಆದರೆ ಆ ಒಂದು ಅಕ್ಷರದ ಆಕಾರ ಗೊತ್ತು. ತಮ್ಮದು ಕೊನೆಯ ಸಾಲು ಎಂದು ಯಾರೋ ಹೇಳಿದ್ದರು. ಬಗ್ಗಿ, ಆ ಸಾಲಿನ ಮೇಲೆ ಬೆರಳಾಡಿಸುತ್ತಾ ಹೋದರು. ಬೆರಳು ಕೊನೆ ಮುಟ್ಟಿ, ಮುಂದೆ ನುಣುಪು ಕಲ್ಲಿನ ಮೇಲೆ ಸ್ವಲ್ಪ ದೂರ ಹೋಗಿ, ಕಲ್ಲಿನ ಅಂಚಿಗೆ ನಿಂತಿತು.

ನಾನು ಪಕ್ಕದಲ್ಲೇ ಇದ್ದೆ. ನಿವೇಶನ ದಾನಿ, ಶ್ರೀ, ಆಮೇಲೆ ಅದೇ ಮೊಟಕು ಹೆಸರು.

ಅವರು ನನ್ನ ಕಡೆ ತಿರುಗಿದರು.

“ಒರೆಸಿಬುಟ್ರಾ?” ಎಂದರು.

ಸಿಟ್ಟಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದ ಹಾಗಿತ್ತು. ಅಷ್ಟರಲ್ಲಿ ಯಾರೋ ಉಪ್ಪಿಟ್ಟಿನ ತಟ್ಟೆ ತಂದು ನನ್ನ ಕೈಗಿಟ್ಟರು. ತಿಂದೆ. ಗೋಡಂಬಿ ಹಾಕಿದ್ದರು, ಚೆನ್ನಾಗಿತ್ತು. ಬಹಳ ಹೊತ್ತು ಕಾಲು ಮಡಿಸಿ ಕೂತು ಎದ್ದಾಗ ಜೋಮು ಹಿಡಿದಿರುತ್ತದಲ್ಲ, ಹೆಜ್ಜೆ ಇಡುತ್ತೇವೆ, ನೆಲ ತಿಳಿಯುವುದಿಲ್ಲ. ಆವತ್ತು ಇಡೀ ದಿನ ಹಾಗೇ ಓಡಾಡಿದೆ.

ಮಾರನೇ ದಿನವೇ ಹಳೇಬೀಡಿಗೆ ಹೋದೆ. ಕೆತ್ತುವವನು ಬಿಟ್ಟಿರಬೇಕು ಎಂದು ಒಳಗೊಂದು ಆಸೆಯಿತ್ತು. ಅವನು ಡಬ್ಬದಿಂದ ನನ್ನ ಹಾಳೆ ತೆಗೆದ. ದುಂಡಗಿನ ನನ್ನದೇ ಅಕ್ಷರ. ಮೆಂಬರಿನ ಪಟ್ಟಿಯಲ್ಲಿ ಇದ್ದ ಹಾಗೆಯೇ, ಬಾಲವಿಲ್ಲದೆ. ಅವರು ಬಸ್ಸು ಹತ್ತಿ ಬಂದು ಕೇಳಿದ ಮೇಲೂ ಹಾಗೆ ಬರೆದಿದ್ದೆ. ಎರಡು ಸಲ ಓದಿ ಸರಿ ಇದೆ ಎಂದಿದ್ದೆ. ಬಿಟ್ಟುಹೋದ ಅಕ್ಷರ ಕಣ್ಣಿಗೆ ಬಿದ್ದಿದ್ದರೆ ತಪ್ಪು ಗೊತ್ತಾಗುತ್ತಿತ್ತು. ನನ್ನ ಕಣ್ಣಿಗೆ ಅಲ್ಲಿ ಏನೂ ಬಿಟ್ಟುಹೋಗಿರಲಿಲ್ಲ.

“ಸೇರಿಸೋಕಾಗುತ್ತಾ?” ಎಂದು ಕೇಳಿದೆ.

“ಆ ಸಾಲು ಕಲ್ಲಿನ ಕೆಳಗಿನ ಅಂಚಿಗೆ ಬಂದುಬಿಟ್ಟಿದೆ ಮೇಡಂ. ಒತ್ತು ಬೇರೆ, ಕೆಳಗೆ ಜಾಗ ಬೇಕು. ಇಡೀ ಕಲ್ಲು ಉಜ್ಜಿ ಇಳಿಸಿ ಹೊಸದಾಗಿ ಕೆತ್ತಬೇಕು. ಎಲ್ಲರ ಹೆಸ್ರೂ ಹೋಗಿ ಮತ್ತೆ ಬರಬೇಕು.”

ಹಾಗಾದರೆ ಹಾಗೇ ಮಾಡಿಸೋಣ, ಖರ್ಚು ನನ್ನದು ಎಂದು ಮೆಂಬರಿಗೆ ಫೋನು ಮಾಡಿದೆ. ಅವನು ನಕ್ಕ.

“ಅತ್ತೆ, ಒಂದಕ್ಷರಕ್ಕೆ ಎಮ್ಮೆಲ್ಲೆ ಹೆಸ್ರು ಉಜ್ಜಿಸ್ಲಾ? ನನ್ನ ಕಥೆ ಮುಗೀತದೆ. ರೇಷನ್ ಕಾರ್ಡಲ್ಲೂ ಅವನ ಹೆಸ್ರು ಹಂಗೇ ಐತೆ.”

“ಅದನ್ನ ಬರೆಸಿದವರು ಯಾರೋ?”

“ಇನ್ಯಾರು, ನಮ್ಮ ತಾತನೇ ಇರ್ಬೇಕು. ಬುಡಿ ಅತ್ತೆ. ಅವನೇ ಸುಮ್ಕಿದಾನೆ, ನಿಮಗ್ಯಾಕೆ?”

ಒಂದು ವಾರ ಬಿಟ್ಟು ಕಾಲೋನಿಗೆ ಹೋದೆ. ಹುಟ್ಟಿದ ಊರು, ಆದರೂ ರಸ್ತೆಯಂಚಿನ ಅಂಗನವಾಡಿ ದಾಟಿ ಆ ಬೀದಿಯೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಅಂಗನವಾಡಿಯ ಪಕ್ಕದಲ್ಲಿ ಸಾಲಾಗಿ ನಾಲ್ಕು ಮನೆ, ಯಾವುದು ಎಂದು ತಿಳಿಯಲಿಲ್ಲ. ನಲ್ಲಿಯ ಹತ್ತಿರ ಕೊಡ ಹಿಡಿದು ಒಬ್ಬ ಹೆಂಗಸು ನಿಂತಿದ್ದಳು. ಅವಳನ್ನು ಕೇಳಿದೆ. ಯಾವುದಕ್ಕಾಗಿ ಹೋಗಿದ್ದೆನೋ, ಏನು ಹೇಳಿ ಕ್ಷಮೆ ಕೇಳಬೇಕು ಎಂದು ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆನೋ, ಅದೆಲ್ಲ ಇರಲಿ, ನನ್ನ ಬಾಯಿಂದ ಬಂದದ್ದು ಆ ಮೊಟಕು ಹೆಸರೇ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಅಂಗನ್ನೋರು ಯಾರೂ ಇಲ್ಲ ಇಲ್ಲಿ” ಎಂದಳು. ಆಮೇಲೆ ಪೂರ್ತಿ ಹೆಸರು ಹೇಳಿದಳು, ಬಾಲ ಸಮೇತ, ಅದರ ಮೇಲೊಂದು ‘ಅಣ್ಣ’ ಕೂಡ ಸೇರಿಸಿ. “ಅವ್ರಾ? ಅಗೋ, ನೀಲಿ ಬಾಗ್ಲು.”

ಕಾಲೋನಿಯಲ್ಲಿ ಎಲ್ಲರೂ ಅವರನ್ನು ಮೊದಲಿನಿಂದಲೂ ಹಾಗೇ ಕರೆಯುತ್ತಿದ್ದರಂತೆ. ಬಾಲ ಇಲ್ಲದ್ದು ನಮ್ಮ ಬೀದಿಯಲ್ಲಿ ಮಾತ್ರ. ಇನ್ನೂರು ಹೆಜ್ಜೆ ದೂರ, ನನಗೆ ಗೊತ್ತಿರಲಿಲ್ಲ.

ಅವರು ಬಾಗಿಲಲ್ಲೇ ಕೂತು ಸೋಗೆಯಿಂದ ಪೊರಕೆಕಡ್ಡಿ ಬಿಡಿಸುತ್ತಿದ್ದರು. ನನ್ನನ್ನು ಕಂಡು ಏಳಲು ನೋಡಿದರು.

“ಕೂತ್ಕೊಳ್ಳಿ. ನೀವು ಏಳಬೇಡಿ” ಎಂದೆ.

ಅವರ ಮುಖ ಸಣ್ಣಗಾಯಿತು. “ಯಾಕೆ ಪುಟ್ಟವ್ವಾರೆ, ನನ್ ಮ್ಯಾಲೆ ಸಿಟ್ಟಾ? ಏನು ತಪ್ಪು ಮಾಡ್ದೆ?”

ಇಷ್ಟು ವರ್ಷ ಬಾರೋ ಅಂದವಳು ‘ನೀವು’ ಅಂದರೆ ಅವರಿಗೆ ಕೇಳಿಸಿದ್ದು ಸಿಟ್ಟು. ಇಲ್ಲ, ಸಿಟ್ಟಿಲ್ಲ ಎಂದೆ. ತಪ್ಪು ನನ್ನದು ಎಂದೆ. ಕೆತ್ತುವವನು ಹೇಳಿದ್ದು, ಮೆಂಬರು ಹೇಳಿದ್ದು, ಎಲ್ಲ ಹೇಳಿದೆ. ಅವರು ಕಡ್ಡಿ ಬಿಡಿಸುತ್ತಲೇ ಕೇಳಿದರು. ಪಕ್ಕದಲ್ಲಿ ಅಂಗನವಾಡಿಯ ಮಕ್ಕಳು ಊಟದ ತಟ್ಟೆ ಬಡಿಯುತ್ತಿದ್ದರು.

“ಹೋಗ್ಲಿ ಬುಡಿ. ಕಲ್ಲು ಅವರ್ದು. ಜಾಗ ನಂದೇ ಅಲ್ವಾ” ಎಂದರು.

ಅವರ ನೀಲಿ ಬಾಗಿಲ ಮೇಲಿನ ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದರು. ನನಗೊಂದು ಯೋಚನೆ ಬಂತು. “ಇಲ್ಲಿ ನಾನು ಬರೀತೀನಿ. ಪೇಂಟು ತರಿಸಿ, ನಾನೇ ನಿಂತು ದೊಡ್ಡದಾಗಿ ಬರೀತೀನಿ. ಒತ್ತು ಸಮೇತ.”

ಅವರು ಗೋಡೆಯ ಕಡೆ ನೋಡಿದರು. ಆಮೇಲೆ ನನ್ನ ಬಲಗೈ ಕಡೆ ನೋಡಿದರು, ಅಟ್ಟದ ಕಾಯನ್ನು ನೋಡುತ್ತಿದ್ದ ಹಾಗೆ.

“ಬ್ಯಾಡಿ ಪುಟ್ಟವ್ವಾರೆ” ಎಂದರು ಮೆತ್ತಗೆ. “ನಿಮ್ಮ ಕೈಗೆ ಅದು ಬರಾಕಿಲ್ಲ.”

ನೀರು ಕುಡಿದು ಹೊರಟೆ. ಬತ್ತೀನಿ ಎಂದೆ, ಅಜ್ಜಿ ಕಲಿಸಿದ ಹಾಗೆ. ಅರಸೀಕೆರೆ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಕಂಡಕ್ಟರು ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿ ಟಿಕೆಟ್ಟು ಹರಿದುಕೊಟ್ಟ. ಚೀಲದಿಂದ ಪೆನ್ನು ತೆಗೆದು ಅದರ ಹಿಂದೆ ಅವರ ಹೆಸರು ಬರೆದು ನೋಡಿದೆ. ಪೂರ್ತಿ ಬಂತು. ಯಕ್ಕೆ ಯ ಒತ್ತು, ದುಂಡಗೆ, ಜೋತಾಡುತ್ತಾ. ಬಂದದ್ದು ನೋಡಿದೆ, ಏನೂ ಅನ್ನಿಸಲಿಲ್ಲ. ಅರಸೀಕೆರೆ ಬಂದಾಗ ಕೈಯಲ್ಲಿ ಟಿಕೆಟ್ಟು ಇರಲಿಲ್ಲ. ಎಲ್ಲಿ ಬಿತ್ತೋ ಗೊತ್ತಿಲ್ಲ.