ಚಕ್ರದ ಪಕ್ಕ ನಿಂತವನು

ನಮ್ಮ ಮನೆ ಓನರ್ ನನ್ನ ಮುಖ ನೋಡಬೇಕೆಂದರೆ ನನ್ನ ಎಡಗಿವಿಯತ್ತ ತಿರುಗುತ್ತಿದ್ದರು. ಅವರ ಎರಡೂ ಕಣ್ಣುಗಳ ನಡುಭಾಗ ಸವೆದುಹೋಗಿತ್ತು. ನೇರ ನೋಡಿದ ಕಡೆ ಒಂದು ಬೂದು ಮಚ್ಚೆ. ಅದರ ಅಂಚಿನಲ್ಲಷ್ಟೇ ಏನಾದರೂ ಕಾಣುತ್ತಿತ್ತು. ಬಾಡಿಗೆಗೆ ಮನೆ ಕೇಳಲು ಹೋದ ದಿನ ನನಗಿದು ತಿಳಿದಿರಲಿಲ್ಲ. ಮಾತಾಡುವಾಗ ಗೋಡೆಯತ್ತ ನೋಡುತ್ತಿದ್ದ ಅವರನ್ನು ಗರ್ವದ ಮನುಷ್ಯ ಅಂದುಕೊಂಡೆ.

ಚಿಕ್ಕಬಾಣಾವರದಲ್ಲಿ ರೈಲ್ವೆ ಹಳಿಗೆ ಹತ್ತಿರವೇ ಅವರ ಕಟ್ಟಡ. ಹಿಂದೆ ಅಲ್ಲಿ ಅವರ ಮನೆತನದ ರಾಗಿ ಹೊಲವಿತ್ತಂತೆ. ಅವರು ಮಾತ್ರ ಚಿಕ್ಕ ವಯಸ್ಸಿನಲ್ಲೇ ಸರ್ಕಾರಿ ಕಾರ್ಖಾನೆಯೊಂದರ ಡ್ರಾಯಿಂಗ್ ವಿಭಾಗ ಸೇರಿ ಅಲ್ಲಿಯೇ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಕೆಳಗೆ ತಮ್ಮನ ಸಂಸಾರ. ಮೇಲೆ ಎದುರುಬದುರು ಬಾಗಿಲುಗಳಲ್ಲಿ ಅವರು ಮತ್ತು ನಾನು. ನಾನು ಪೀಣ್ಯದ ಫ್ಯಾಕ್ಟರಿಯಲ್ಲಿ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದೆ. ಮನೆಗೆ ಬಂದರೆ ಮಾತಾಡಲು ಯಾರೂ ಇರಲಿಲ್ಲ.

ಅವರ ಹಾಲಿನಲ್ಲಿ ಟೀವಿ ಇರಬೇಕಾದ ಜಾಗದಲ್ಲಿ ದೊಡ್ಡದೊಂದು ಕಂಪ್ಯೂಟರ್ ಪರದೆಯಿತ್ತು. ಅದರ ತುಂಬ ಬ್ರಿಟನ್ನಿನ ಹಳೆಯ ಉಗಿ ಎಂಜಿನ್ನುಗಳ ಕಪ್ಪುಬಿಳುಪು ಫೋಟೋಗಳು. ಅಲ್ಲಿನ ಹವ್ಯಾಸಿಗಳ ಗುಂಪೊಂದು, ತೀರಿಕೊಂಡವರ ಮನೆಗಳಲ್ಲಿ ಸಿಕ್ಕ, ಹಿಂಬದಿಯಲ್ಲಿ ಒಂದಕ್ಷರವೂ ಇಲ್ಲದ ಚಿತ್ರಗಳನ್ನು ಇವರಿಗೆ ಕಳಿಸುತ್ತಿತ್ತು. ಯಾವ ಜಾತಿಯ ಎಂಜಿನ್, ಯಾವ ನಂಬರಿನದು, ಸುಮಾರು ಯಾವ ಕಾಲದ್ದು ಎಂದು ಇವರು ಗುರುತಿಸಿ, ಚಿತ್ರದ ಕೆಳಗೆ ಬರೆದು ಹಿಂದಿರುಗಿಸಬೇಕು. ಆ ದೇಶಕ್ಕೆ ಅವರು ಒಮ್ಮೆಯೂ ಹೋದವರಲ್ಲ.

"ನಮ್ಮಣ್ಣಂಗೆ ನೆಂಟ್ರೆಲ್ಲ ಇಂಗ್ಲೆಂಡಲ್ಲೇ ಅವ್ರೆ ಮೇಡಂ," ಎಂದು ಅವರ ತಮ್ಮ ಮೆಟ್ಟಿಲ ಮೇಲೆ ಕೂತು ನಗುತ್ತಿದ್ದರು. "ಒಬ್ರೂ ಊಟಕ್ಕೆ ಬರಲ್ಲ."

"ಬಂದು ನಿನ್ನಂಗೆ ತಲೆನೂ ತಿನ್ನಲ್ಲ ಕಣೋ," ಎಂದು ಅಣ್ಣ ಒಳಗಿಂದಲೇ ಕೂಗುತ್ತಿದ್ದರು.

ಅವರ ಕಣ್ಣು ಇನ್ನಷ್ಟು ಮಂಜಾದ ಮೇಲೆ ಚಿತ್ರ ನೋಡಿ ಹೇಳುವ ಕೆಲಸ ನನಗೆ ಬಂತು. ಸಂಜೆ ಕೆಲಸ ಮುಗಿಸಿ ಬಂದವಳು ಅವರ ಪಕ್ಕದ ಕುರ್ಚಿಯಲ್ಲಿ ಕೂತು, ಕಂಡದ್ದನ್ನು ಬಾಯಿಬಿಟ್ಟು ಹೇಳಬೇಕು. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಮೊದಲ ದಿನವೇ ಎಂಜಿನ್ನಿನ ಪಕ್ಕದ ಫಲಕ ನೋಡಿ ನಂಬರ್ ಓದಿದೆ.

"ನಂಬರ್ ಕೊನೆಗೆ. ಮೊದ್ಲು ಚಿಮಣಿ ಹೇಳು."

"ನಂಬರೇ ಇದೆಯಲ್ಲ ಅಂಕಲ್?"

"ನಂಬರು ಅನ್ನೋದು ತಗಡು ಕಣಮ್ಮ. ಬಿಚ್ಚಿ ಇನ್ನೊಂದಕ್ಕೆ ಹಾಕ್ಬೋದು. ಮೈನ ಅಂಗೆ ಬಿಚ್ಚಿ ಹಾಕಕ್ಕಾಯ್ತದಾ?"

ದೊಡ್ಡ ಸಮಾರಂಭಕ್ಕೆ ಬೇಕಾದ ಎಂಜಿನ್ ರಿಪೇರಿಯಲ್ಲಿದ್ದರೆ ಅದರ ಹೆಸರು, ನಂಬರುಗಳನ್ನು ಇನ್ನೊಂದಕ್ಕೆ ಹಾಕಿ ಕಳಿಸುತ್ತಿದ್ದುದೂ ಉಂಟಂತೆ. ಹಾಗಾಗಿ ಚಿಮಣಿ, ಚಕ್ರ, ಕೊಳವೆ, ಕಲ್ಲಿದ್ದಲಿನ ಗಾಡಿ ಎಲ್ಲ ಮುಗಿದ ಮೇಲೆ ನಂಬರ್. "ಕಂಡಿದ್ದು ಹೇಳು, ಅನ್ಸಿದ್ದು ಬ್ಯಾಡ" ಎಂಬುದು ಅವರ ದಿನನಿತ್ಯದ ಮಾತು.

ಒಮ್ಮೆ ಆ ಗುಂಪಿನ ಮೂಲಕ ಮುದುಕಿಯೊಬ್ಬರ ಮೇಲ್ ಬಂತು. ಆಕೆಯ ತಂದೆ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಕೆಲಸದಲ್ಲಿದ್ದವರು. ಆಕೆ ಹುಟ್ಟುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಅವರದೊಂದು ಫೋಟೋ ಕೂಡ ಇರಲಿಲ್ಲ. ತಂದೆಯ ಎಂಜಿನ್ನಿನ ನಂಬರ್ ಮಾತ್ರ ತಾಯಿಯಿಂದ ತಿಳಿದಿತ್ತು. ಈಗ ಹಳೆಯ ಸಾಮಾನಿನ ಅಂಗಡಿಯಲ್ಲಿ ಅದೇ ನಂಬರಿನ ಎಂಜಿನ್ನಿನ ಚಿತ್ರ ಸಿಕ್ಕಿದೆ. ದೊಡ್ಡ ಚಕ್ರದ ಪಕ್ಕ ಒಬ್ಬ ನಿಂತಿದ್ದಾನೆ, ಮುಖದ ಮೇಲೆ ಟೋಪಿಯ ನೆರಳು. ಇವನು ನನ್ನ ಅಪ್ಪನೇ? ಆಕೆ ಕೇಳಿದ್ದು ಇಷ್ಟೇ.

ನಾನು ಚಿಮಣಿಯಿಂದ ಶುರು ಮಾಡಿದೆ. ಉಗಿಯ ಕೊಳವೆಯ ಹಿಂದೆ ಸಣ್ಣದೊಂದು ಮುಚ್ಚಳವಿದೆ ಎಂದಾಗ ಅವರು ಕಣ್ಣು ತೆರೆದರು.

"ಮುಚ್ಚಳನಾ? ಸರಿಯಾಗಿ ನೋಡಮ್ಮ."

ದೊಡ್ಡದು ಮಾಡಿ ನೋಡಿದೆ. ಮುಚ್ಚಳವೇ. ಆ ನಂಬರಿನ ಎಂಜಿನ್ ಕಟ್ಟಿದ ಕಾಲಕ್ಕೆ ಅಂಥದ್ದು ಇರಲಿಲ್ಲ, ಬಹಳ ವರ್ಷಗಳ ನಂತರ ಕಟ್ಟಿದವಕ್ಕಷ್ಟೇ ಅದು ಇದ್ದದ್ದು ಎಂದರು. ನಂಬರ್ ಅದೇ, ಎಂಜಿನ್ ಬೇರೆ. ಆ ಮನುಷ್ಯನನ್ನು ಅಪ್ಪ ಎನ್ನಲು ಇದ್ದ ಒಂದೇ ಆಧಾರ ಹೋಯಿತು.

"ವಯಸ್ಸಾದ ಜೀವ ಅಂಕಲ್. ಹೌದು ಅಂದರೆ ಯಾರಿಗೆ ನಷ್ಟ?" ಎಂದೆ.

ಅವರು ಮತ್ತೆ ಕಣ್ಣು ಮುಚ್ಚಿದರು. "ನಷ್ಟ ಯಾರಿಗೂ ಇಲ್ಲ. ಯಾರೋ ಒಬ್ಬನ್ನ ತಂದು ಅಪ್ಪ ಅಂತ ಕೊಟ್ಟಂಗಾಯ್ತದೆ, ಅಷ್ಟೇ."

ಆಮೇಲೆ ಆ ಮನುಷ್ಯನ ಬೂಟು ಕಾಣುತ್ತದೆಯೇ, ಹಳಿಗಿಂತ ಎಷ್ಟು ತಗ್ಗಿನಲ್ಲಿ ನಿಂತಿದ್ದಾನೆ ಎಂದು ಕೇಳಿದರು. ಸ್ಕೇಲು ಹಿಡಿದು ಪರದೆಯ ಮೇಲೆ ಅವನನ್ನೂ ಚಕ್ರವನ್ನೂ ಅಳೆಸಿದರು. ಆ ಜಾತಿಯ ಎಂಜಿನ್ನಿನ ಚಕ್ರದ ಎತ್ತರ ಅವರಿಗೆ ಬಾಯಿಪಾಠ. ಅದರ ಲೆಕ್ಕದಲ್ಲಿ ಮನುಷ್ಯ ಐದೂಕಾಲು ಅಡಿಯ ಆಸುಪಾಸು. ನಾನು ಅವರು ಹೇಳಿದಂತೆ ಟೈಪ್ ಮಾಡಿದೆ: ಎಂಜಿನ್ ನಿಮ್ಮ ತಂದೆಯದಲ್ಲ. ಮನುಷ್ಯ ಯಾರೆಂದು ನನಗೆ ತಿಳಿಯದು. ಅವನ ಎತ್ತರ ಇಷ್ಟು. ನಿಮ್ಮ ತಂದೆಯ ಎತ್ತರ ಗೊತ್ತಿದ್ದರೆ ಹೋಲಿಸಿ ನೋಡಿ.

ಉತ್ತರ ಬರಲಿಲ್ಲ. ನಾನು ಮೆಟ್ಟಿಲು ಹತ್ತುವ ಸದ್ದಿಗೇ "ಬಂತಾ?" ಎನ್ನುತ್ತಿದ್ದರು. ಹೊಸ ಫೋಟೋಗಳು ಬಂದರೂ ತೆರೆಯಲು ಹೇಳಲಿಲ್ಲ. ಒಂದು ಸಂಜೆ ಕಾಫಿ ಲೋಟ ಕೈಯಲ್ಲಿ ಹಿಡಿದೇ, "ಆಯಮ್ಮಂಗೆ ಇದ್ದದ್ದು ಅದೊಂದೇ ಪಟ. ಕಿತ್ಕೊಂಬಿಟ್ಟೆ ಅನ್ಸ್ತದೆ," ಎಂದರು. ಅನಿಸಿದ್ದನ್ನು ಅವರು ಹೇಳಿದ್ದು ನಾನು ಕೇಳಿದ್ದು ಅದೊಂದೇ ಸಲ. ನಾನು ಲೋಟ ತೊಳೆದಿಟ್ಟು ಬಂದೆ.

ಆ ವಾರದಲ್ಲೇ ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟರು. ಊಟಕ್ಕೆ ಕರೆಯಲು ಬಂದ ತಮ್ಮನ ಹೆಂಡತಿ ಮೊದಲು ನೋಡಿದ್ದು. ನಾನು ಫ್ಯಾಕ್ಟರಿಯಿಂದ ಬರುವಷ್ಟರಲ್ಲಿ ಅವರನ್ನು ಹಾಲಿನಲ್ಲಿ ಮಲಗಿಸಿದ್ದರು. ಪರದೆಯ ಮೇಲೆ ಯಾರೋ ಟವೆಲ್ ಹೊದಿಸಿದ್ದರು.

ತಿಥಿಯೆಲ್ಲ ಮುಗಿದ ಮೇಲೆ ತಮ್ಮ ಬಂದು, "ಕಂಪ್ಯೂಟರ್ ಏನ್ ಮಾಡನ ಮೇಡಂ? ನಮಗ್ಯಾರ್ಗೂ ಬರಲ್ಲ," ಎಂದರು. ಗುಂಪಿಗೆ ಸುದ್ದಿ ತಿಳಿಸೋಣವೆಂದು ನಾನು ಮೇಲ್ ತೆರೆದೆ. ಮುದುಕಿಯ ಉತ್ತರ ಬಂದು ಕೂತಿತ್ತು. ತಡವಾದದ್ದಕ್ಕೆ ಕ್ಷಮೆ ಕೇಳಿದ್ದರು. ತಾಯಿಯ ಪೆಟ್ಟಿಗೆಯಲ್ಲಿ ತಂದೆಯ ಉದ್ದನೆಯ ಕೋಟು ಇದ್ದದ್ದು ನೆನಪಾಗಿ ಹುಡುಕಿಸಿದರಂತೆ. ಆರಡಿಯ ಮಗನಿಗೆ ತೊಡಿಸಿದರೆ ತೋಳು ಬೆರಳು ದಾಟಿ ಕೆಳಗಿಳಿಯಿತಂತೆ. "ಚಿತ್ರದಲ್ಲಿರುವವನು ಅಪ್ಪನಲ್ಲ. ಆದರೆ ಅಪ್ಪ ಎತ್ತರದ ಆಳು ಎಂದು ಇಷ್ಟು ವರ್ಷಕ್ಕೆ ನನಗೆ ಗೊತ್ತಾಯಿತು. ನೀವು ಅಳೆಯದಿದ್ದರೆ ನಾನೂ ಅಳೆಯುತ್ತಿರಲಿಲ್ಲ," ಎಂದು ಬರೆದಿದ್ದರು.

ತಮ್ಮ ಇನ್ನೂ ಬಾಗಿಲಲ್ಲೇ ನಿಂತಿದ್ದರು. "ಏನಂತೆ ಮೇಡಂ?"

ಕನ್ನಡದಲ್ಲಿ ಹೇಳಿದೆ. ಅವರು ಒಳಗೆ ಬಂದರು. ನನ್ನ ಪಕ್ಕದಲ್ಲಿದ್ದ ಅಣ್ಣನ ಕುರ್ಚಿಯಲ್ಲಿ ಕೂರಲು ಹೋಗಿ, ಕೂರದೆ ಅದರ ಬೆನ್ನು ಹಿಡಿದು ನಿಂತರು.

"ಇನ್ನೊಂದ್ಸಲ ಓದಿ," ಎಂದರು. "ವಸಿ ಜೋರಾಗಿ."