ಬ್ರೆಂಡಾಬಾಯಿಯ ನಿವೃತ್ತಿಗಳು

ನಿವೃತ್ತಿ ಎಂಬುದು ಮನುಷ್ಯನ ಬಾಳಿನಲ್ಲಿ ಒಂದೇ ಸಲ ಒದಗುವ ಗಂಭೀರ ಘಟ್ಟ. ಆಸ್ಟ್ರೇಲಿಯಾದ ಟೂಂಗಾಬಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಬ್ರೆಂಡಾಳಿಗೆ ಮಾತ್ರ ಅದು ಪ್ರತಿ ಒಲಿಂಪಿಕ್ಸ್ ಮುಗಿದಾಗಲೂ ಒದಗುತ್ತಿತ್ತು.

ದೇಶದ ಪರವಾಗಿ ದೋಣಿಯಲ್ಲಿ ಹುಟ್ಟು ಹಾಕುತ್ತಿದ್ದವಳು ಅವಳು. ಕಾರಿಗಿಂತ ಉದ್ದದ ದೋಣಿಯನ್ನು ಕಾರಿನ ನೆತ್ತಿಗೆ ಕಟ್ಟಿಕೊಂಡು ಹೊರಟರೆ ಮನೆಸಾಲ ಹೊತ್ತ ಬೀದಿಯ ಮಾರ್ಟ್‌ಗೇಜ್‌ದಾರರೆಲ್ಲ ಹಿಂದೆ ಸರಿದು ನಿಲ್ಲುತ್ತಿದ್ದರು. ಅಂಗೈ ಎಷ್ಟು ಜಡ್ಡುಗಟ್ಟಿತ್ತೆಂದರೆ, ನಮ್ಮ ಅಡಿಗೆಮನೆಯಲ್ಲಿ ಕಾದ ಹಂಚಿನ ಮೇಲಿನ ಹೋಳಿಗೆಯನ್ನು ಬರಿಗೈಯಲ್ಲೇ ಮಗುಚಿಹಾಕುತ್ತಿದ್ದಳು. ನನ್ನ ಹೆಂಡತಿ ಗಿರಿಜಾ ಧಾರವಾಡದವಳು. ಜನರ ಯೋಗ್ಯತೆಯನ್ನು ಅಳೆಯುವುದೇ ಹಂಚಿನ ಮುಂದೆ. ಅಂದಿನಿಂದ ಬ್ರೆಂಡಾ ‘ಬ್ರೆಂಡಾಬಾಯಿ’ಯಾದಳು.

ಮೊದಲ ನಿವೃತ್ತಿಗೆ ಊಟಕ್ಕೆ ಕರೆದೆವು. ‘ಸಾಕು’ ಎಂಬ ಒಂದೇ ಒಂದು ಪದವನ್ನು ಆತ್ಮರಕ್ಷಣೆಗೆಂದು ಅವಳಿಗೆ ಹೇಳಿಕೊಟ್ಟಿದ್ದೆ. ಎರಡು ಹೋಳಿಗೆಯಾದ ಮೇಲೆ ಸ್ಪಷ್ಟವಾಗಿ “ಸಾಕು” ಎಂದಳು. ಗಿರಿಜಾ ಮೂರನೆಯದನ್ನು ಬಡಿಸಿ ತುಪ್ಪ ಸುರಿದಳು.

“ತಪ್ಪಾಗಿ ಹೇಳಿದೆನಾ?” ಎಂದು ಬ್ರೆಂಡಾ ಗಾಬರಿಯಾದಳು.

“ತಪ್ಪೇನಿಲ್ಲ ಬಿಡ್ರಿ. ಮೊದಲನೇ ಸಾಕು ನಮ್ಮ ಕಡೆ ಲೆಕ್ಕಕ್ಕ ಹಿಡಿಯಂಗಿಲ್ಲ,” ಎಂದಳು ಗಿರಿಜಾ. ನಾನು ಅನುವಾದಿಸಿದೆ.

ಅನುವಾದಿಸಬಾರದಿತ್ತು. ತಿಂಗಳೊಪ್ಪತ್ತಿನಲ್ಲಿ ದೋಣಿ ಮತ್ತೆ ಕಾರನ್ನೇರಿತು.

“ರಿಟೈರ್ ಆಗಿದ್ದೆಯಲ್ಲ ತಾಯಿ?”

“ಮೊದಲನೆಯದು ಲೆಕ್ಕಕ್ಕಿಲ್ಲ, ಮೇಟ್. ನಿನ್ನ ಹೆಂಡತಿಯನ್ನೇ ಕೇಳು.”

ಹೀಗೆ ಎರಡನೆಯ ಸಾಕು ಆಯಿತು, ಮೂರನೆಯದೂ ಆಯಿತು. ಯಾವ ಸಲವೂ ಹೋಳಿಗೆ ತಪ್ಪಲಿಲ್ಲ. ಪದಕ ಮಾತ್ರ ಒಂದೇ ಸಲ ಬಂತು, ಕಂಚಿನದು. ಗಿರಿಜಾ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿಕೊಟ್ಟಳು.

ನಲವತ್ತು ದಾಟಿದ ಮೇಲೆ ಆಯ್ಕೆಗಾರರು ಬ್ರೆಂಡಾಳನ್ನು ಕರೆಸಿ, ‘ಇನ್ನು ಮರ್ಯಾದೆಯಿಂದ ಬಿಟ್ಟುಬಿಡು, ಮೆಲ್ಬರ್ನ್‌ನಲ್ಲಿ ಶಾಲೆಯ ಮಕ್ಕಳಿಗೆ ಕಲಿಸುವ ಕೆಲಸವಿದೆ’ ಎಂದರಂತೆ. ಹಿತ್ತಿಲ ಬೇಲಿಗೆ ಒರಗಿ ಹೇಳಿದಳು: “ಕೆಲಸ ಒಳ್ಳೆಯದೇ. ಆದರೆ ಸಾಕು ಅನ್ನಬೇಕಾದವಳು ಉಣ್ಣುವವಳು, ಬಡಿಸುವವರಲ್ಲ. ನೀರಿನ ಮೇಲೆ ಸೋಲಿಸಲಿ, ಹೋಗುತ್ತೇನೆ.”

ಇದು ಗಿರಿಜಾಳ ಸಂಪ್ರದಾಯಕ್ಕೆ ತೀರಾ ವಿರುದ್ಧ. ಆದರೂ, “ಸೋಲಸ್ಲಿ ನೋಡೋಣು,” ಎಂದಳು, ಪೈಲ್ವಾನನ ತಾಯಿಯ ಧಾಟಿಯಲ್ಲಿ.

ಪೆನ್ರಿತ್‌ನ ಕೆರೆಯಲ್ಲಿ ಆಯ್ಕೆಯ ಸ್ಪರ್ಧೆ. ತಂಡದಲ್ಲಿ ಉಳಿದದ್ದು ಒಂದೇ ಜಾಗ. ಎದುರಾಳಿ, ಬ್ರೆಂಡಾಳೇ ಹುಟ್ಟು ಹಿಡಿಯಲು ಕಲಿಸಿದ ಹುಡುಗಿ. ಅರ್ಧ ದಾರಿಯವರೆಗೂ ಬ್ರೆಂಡಾ ಮುಂದಿದ್ದಳು. ದಡದಲ್ಲಿ ಗಿರಿಜಾ “ಹಾಕ್! ಹಾಕ್!” ಎಂದು ಕೂಗುತ್ತಿದ್ದಳು, ಪಕ್ಕದಲ್ಲಿದ್ದ ಮುದುಕನೊಬ್ಬ ಅದು ರೋಯಿಂಗಿನ ಪರಿಭಾಷೆ ಇರಬೇಕೆಂದು ನಂಬಿ ತಾನೂ ದನಿಗೂಡಿಸಿದ. ಕೊನೆಗೆ ಎರಡೂ ದೋಣಿಗಳ ಮೂತಿಗಳು ಒಂದೇ ಸಾಲಿಗೆ ಬಂದವು.

ದಡಕ್ಕೆ ಬಂದ ಬ್ರೆಂಡಾ ಮೊದಲು ಆ ಹುಡುಗಿಯ ಬೆನ್ನು ತಟ್ಟಿದಳು. ಹುಡುಗಿ ಕೂದಲೆಳೆಯ ಅಂತರದಲ್ಲಿ ಗೆದ್ದಿದ್ದಳು. ಮುಂದಿನ ತಿಂಗಳು ಬ್ರೆಂಡಾ ಮನೆ ಖಾಲಿ ಮಾಡಿ, ಆ ಶಾಲೆಯ ಕೆಲಸಕ್ಕೆಂದು ಮೆಲ್ಬರ್ನ್‌ನ ಕ್ರಾನ್‌ಬರ್ನ್‌ಗೆ ಹೋದಳು.