ಧೂಪ ಗೇಟಿಗೆ, ಉಸಿರು ಮನೆಗೆ

ಸಲಾಲಾ ಊರಿನಲ್ಲಿ ಖರೀಫ್ ಮಳೆಗಾಲದ ತುಂತುರು ಬಿಟ್ಟೂಬಿಡದೆ ಹಿಡಿದಿದೆ. ಬೆಳಗಿನ ನಮಾಜು ಮುಗಿಸಿದವರು ಇನ್ನೂ ಚಪ್ಪಲಿ ಹುಡುಕುತ್ತಿರುವಾಗಲೇ ತುಫೂಲ್ ನನ್ನನ್ನೂ ಕರೆದುಕೊಂಡು ಬಂದು ಥುಮ್ನಾ ಅಜ್ಜಿಯ ಬಾಗಿಲು ತಟ್ಟುತ್ತಾರೆ. ಒಳಗೆ ಕಿಟಕಿಗಳೆಲ್ಲ ಬಂದ್. ಲುಬಾನ್ ಧೂಪದ ಹೊಗೆ ಕಣ್ಣಿಗೆ ರಾಚುತ್ತದೆ. ಅದರ ನಡುವೆ ಆರು ವರ್ಷದ ಮೊಮ್ಮಗ ಮಹಾದ್ ಭುಜ ಎತ್ತೆತ್ತಿ ಉಸಿರೆಳೆಯುತ್ತಿದ್ದಾನೆ. ತುಫೂಲ್ ಅವನನ್ನು ಜಗುಲಿಗೆ ಎತ್ತಿ ತಂದು, ಇನ್‌ಹೇಲರನ್ನು ಪ್ಲಾಸ್ಟಿಕ್ ಕೊಳವೆಗೆ ಸಿಕ್ಕಿಸಿ ಬಾಯಿಗೆ ಹಿಡಿಯುತ್ತಾರೆ. "ನಿಧಾನ ಕಣೋ, ಯಾರೂ ಕಿತ್ಕೊಳ್ಳಲ್ಲ." ಸ್ವಲ್ಪ ಹೊತ್ತಿಗೆ ಭುಜ ಇಳಿಯುತ್ತದೆ. ಅಬ್ಬಾ ಎಂದು ನಾನೂ ಉಸಿರು ಬಿಡುತ್ತೇನೆ.

ತುಫೂಲ್ ನಮ್ಮ ಬಡಾವಣೆಯ ಆರೋಗ್ಯ ಕೇಂದ್ರದ ಸಹಾಯಕಿ; ನನಗೂ ಅಲ್ಲೇ ಕೆಲಸ. ಅವರಿಗೂ ಚಿಕ್ಕಂದಿನಿಂದ ಆಸ್ತಮಾ. ಗಂಡಿನ ಕಡೆಯವರು ನೋಡಿಯಾರೆಂದು ತಾಯಿ ಇನ್‌ಹೇಲರನ್ನು ಮದರಂಗಿ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದರಂತೆ. ಈಗ ತುಫೂಲ್ ಕಾಫಿ ಕೂಟದಲ್ಲಿ ಎಲ್ಲರೆದುರೇ ಅದನ್ನು ಎಳೆದು, ಬಾಯಿ ಮುಕ್ಕಳಿಸಿ ಬಂದು ಕೂರುತ್ತಾರೆ. "ಕನ್ನಡಕ ಹಾಕ್ಕೊಳ್ಳೋಕೆ ಯಾರಾದ್ರೂ ನಾಚ್ಕೋತಾರಾ? ಇದೂ ಹಂಗೇ."

ಅಜ್ಜಿಯದು ಪ್ರೀತಿಯ ತಪ್ಪು. ಮಗು ಕೆಮ್ಮಿದಷ್ಟೂ ಕಣ್ಣು ಬಿದ್ದಿದೆಯೆಂದು ಇನ್ನಷ್ಟು ಧೂಪ ಹಾಕುತ್ತಾರೆ. ಸೊಸೆ ನೂರಾ ಬೇಸತ್ತು ಬಟ್ಟೆ ಗಂಟು ಕಟ್ಟಿದ್ದಾಳೆ. ಮಗನನ್ನು ಕರೆದುಕೊಂಡು ತವರಿಗೆ ಹೋದಳೆಂದರೆ ಅಜ್ಜಿಗೆ ಮೊಮ್ಮಗ ಹಬ್ಬಕ್ಕೆ ಮಾತ್ರ.

"ನನ್ ಧೂಪಾನೇ ಕೆಟ್ಟದ್ದಾ? ನೀನೂ ಇದ್ರಲ್ಲೇ ಬೆಳ್ದೋಳು ಕಣೇ!" ಅಜ್ಜಿ ಸಿಡುಕುತ್ತಾರೆ.

"ಅದಕ್ಕೇ ಅಜ್ಜಿ ನಾನು ಹಿಂಗಿರೋದು."

ಅಜ್ಜಿಗೆ ನಗು ತಡೆಯಲಾಗುವುದಿಲ್ಲ. ತುಫೂಲ್ ಅದೇ ಗಳಿಗೆ ಹಿಡಿಯುತ್ತಾರೆ: "ಕೆಟ್ಟ ಕಣ್ಣು ಬರೋದು ಗೇಟಿಂದ ತಾನೇ? ಒಳಗ್ಯಾಕೆ ಬಿಟ್ಕೋತೀರಿ? ಅಲ್ಲೇ ಹಚ್ಚಿ ತಡೀರಿ."

ಧೂಪದ ಮಡಕೆ ಅಂದೇ ಗೇಟಿನಾಚೆ ಹೋಗುತ್ತದೆ. ಧೂಪ ಹಾಕುತ್ತಿದ್ದ ಹೊತ್ತಿಗೆ, ಬೆಳಗ್ಗೆ ಸಂಜೆ, ಈಗ ಅಜ್ಜಿಯೇ 'ಬಿಸ್ಮಿಲ್ಲಾ' ಎಂದು ಡಾಕ್ಟರು ಬರೆದ ಇನ್‌ಹೇಲರ್ ಔಷಧಿ ಮಗುವಿಗೆ ಎಳೆಸುತ್ತಾರೆ. ಮಗು ಚೆನ್ನಾಗಿದ್ದ ದಿನವೂ ತಪ್ಪಿಸಬಾರದೆಂದು ತುಫೂಲ್ ಆಣೆ ಹಾಕಿಸಿದ್ದಾರೆ. ನೂರಾ ಮಾತ್ರ ಗಂಟು ಬಿಚ್ಚುವುದಿಲ್ಲ. "ನೋಡೋಣ," ಅನ್ನುತ್ತಾಳೆ.

ಕೆಲವು ವಾರ ಕಳೆದು ಒಂದು ಬೆಳಗ್ಗೆ, ನಾವು ಕೇಂದ್ರದಲ್ಲಿ ಚಹಾ ಕುಡಿಯುತ್ತಿರುವಾಗ ಅಜ್ಜಿಯ ಫೋನು. ತುಫೂಲ್ ಚಹಾ ಅರ್ಧಕ್ಕೇ ಬಿಟ್ಟು ಸ್ಪೀಕರ್ ಹಾಕುತ್ತಾರೆ.

"ಮಗಳೇ, ಇಷ್ಟೊತ್ತಾದ್ರೂ ಹುಡುಗ ಎದ್ದಿಲ್ಲ!"

"ಉಸಿರು?"

"ಆರಾಮಾಗಿದೆ. ಅವನಮ್ಮನೂ ಮಲಗಿದಾಳೆ. ನಿನ್ನೆ ಬಟ್ಟೆ ಎಲ್ಲಾ ಬೀರುಗೆ ಜೋಡಿಸಿ ಸುಸ್ತಾಗಿದಾಳೆ."

"ಮತ್ತೆ ಗಾಬರಿ ಯಾಕಜ್ಜಿ?"

"ಗಾಬರಿ ಯಾರಿಗೆ? ಕಾಫಿ ಕುಡಿಯೋಕೆ ಜೊತೆಗ್ಯಾರೂ ಇಲ್ಲ, ಬಾ."

ತುಫೂಲ್ ಫೋನಿಟ್ಟು ಕಣ್ಣೊರೆಸಿಕೊಳ್ಳುತ್ತಾರೆ. "ಇಂಥ ಫೋನಿಗೇ ಅಲ್ವಾ ನಾನು ಕಾಯೋದು," ಎಂದು ಚಪ್ಪಲಿ ಮೆಟ್ಟುತ್ತಾರೆ.